ಒಂದು ನಿದ್ದೆಗೆ ಬೇಕಾದ ಕರೆಂಟು

ನನಗೆ ಕೋಪ ಬೇಗ ಬರುತ್ತದೆ. ಮೊದಲೇ ಹೇಳಿಬಿಡುವುದು ವಾಸಿ, ಮುಂದೆ ಅದರ ವಿಷಯ ಬರುತ್ತದೆ. ಗುಬ್ಬಿಯಲ್ಲಿ ಮೂವತ್ತು ವರ್ಷದಿಂದ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ತೋಟದವರು ಸುಟ್ಟುಹೋದ ಪಂಪಿನ ಮೋಟರನ್ನು ಹೊತ್ತು ತಂದು ಅಂಗಡಿ ಮುಂದೆ ಇಳಿಸಿ, "ಏನೂ ಮಾಡಿಲ್ಲ ಕಣಣ್ಣ, ಚೆನ್ನಾಗೇ ನೀರೆತ್ತಿತ್ತು, ಹಂಗೇ ನಿಂತೋಯ್ತು" ಅನ್ನುತ್ತಾರೆ. ಅದನ್ನು ಕೇಳಿದರೆ ಮೈ ಉರಿಯುತ್ತದೆ. ಮೋಟರ್ ತಾನಾಗಿ ಸುಡುವುದಿಲ್ಲ. ಯಾರೋ ಏನೋ ಮಾಡಿರುತ್ತಾರೆ. ಫ್ಯೂಸಿಗೆ ದಪ್ಪ ತಂತಿ ಸುತ್ತಿರುತ್ತಾರೆ, ಇಲ್ಲವೇ ಬಾವಿಯಲ್ಲಿ ನೀರಿಲ್ಲದಿದ್ದರೂ ಸ್ವಿಚ್ ಒತ್ತಿ ಮಲಗಿರುತ್ತಾರೆ. "ಏನ್ ಮಾಡ್ದೆ ಅದ್ನ ಮೊದ್ಲು ಹೇಳು, ಆಮೇಲೆ ಬಿಚ್ಚೋಣ" ಎಂದು ನಾನು ಗದರುವುದು ನಮ್ಮ ಬೀದಿಗೆಲ್ಲ ಗೊತ್ತು.

ಕೋಪದಷ್ಟೇ ಕುತೂಹಲವೂ ಇದೆ ಅನ್ನುವುದು ನನ್ನ ಸಮಾಧಾನ. ಕರೆಂಟು ಕಣ್ಣಿಗೆ ಕಾಣುವುದಿಲ್ಲ, ಆದರೆ ಸುಳ್ಳನ್ನೂ ಹೇಳುವುದಿಲ್ಲ. ಅದು ಎಲ್ಲಿ ಹೋಯಿತು, ಯಾಕೆ ಹೋಗಲಿಲ್ಲ ಎಂದು ಮೀಟರ್ ಹಿಡಿದು ಹುಡುಕುತ್ತ ಕೂತರೆ ನನಗೆ ಊಟದ ನೆನಪೂ ಇರುವುದಿಲ್ಲ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿಯೇ ಅಂಗಡಿಗೆ ಬಂದು ತಾಮ್ರದ ತಂತಿಯ ಸುತ್ತು ಎಣಿಸಿಕೊಡುತ್ತಿದ್ದಳು. ನನ್ನ ಎಣಿಕೆ ತಪ್ಪಿದರೆ "ತಪ್ಪಿದ್ರಿ" ಎಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ತಂತಿಯನ್ನು ಬಿಗಿಯಾಗಿ ಹಿಡಿದು ಸುಮ್ಮನೆ ಕೂರುತ್ತಿದ್ದಳು. ನಾನೇ ತಿರುಗಿ ಎಣಿಸಬೇಕು.

ಅವಳಿಗೆ ಉಸಿರಿನ ತೊಂದರೆ ಇರುವುದು ನಮಗೆ ತಡವಾಗಿ ಗೊತ್ತಾಯಿತು. ಮೊದಲು ಬರೀ ಗೊರಕೆ ಅಂದುಕೊಂಡಿದ್ದೆ. ಗೊರಕೆ ಹೊಡೆಯುತ್ತ ಹೊಡೆಯುತ್ತ ತಟ್ಟನೆ ನಿಂತುಬಿಡುವುದು. ಆ ಮೌನ ಇದೆಯಲ್ಲ, ಅದು ಗೊರಕೆಗಿಂತ ಭಯಂಕರ. ಹಾಸಿಗೆಯಲ್ಲಿ ಎದ್ದು ಕೂತು ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದೆ. ಆಮೇಲೆ ಒಮ್ಮೆಲೇ ಬಾಯಿ ತೆರೆದು ಉಸಿರು ಎಳೆದುಕೊಳ್ಳುವಳು. ತುಮಕೂರಿನ ಡಾಕ್ಟರು ಪರೀಕ್ಷೆ ಮಾಡಿ, ಮಲಗಿದಾಗ ಗಂಟಲು ಮುಚ್ಚಿಕೊಳ್ಳುತ್ತದೆ, ಗಾಳಿ ಒತ್ತಿ ಕೊಡುವ ಮಿಷನ್ ಬೇಕು ಅಂದರು. ಮೂಗಿಗೆ ಒಂದು ಮಾಸ್ಕ್, ಅದಕ್ಕೆ ಒಂದು ಉದ್ದ ಕೊಳವೆ, ಕೊಳವೆಯ ತುದಿಯಲ್ಲಿ ಒಂದು ಡಬ್ಬಿ. ಮಿಷನ್ ಬಂದ ಮೊದಲ ರಾತ್ರಿ ಅವಳು ಅಲುಗಾಡದೆ ಬೆಳಗಿನವರೆಗೆ ಮಲಗಿದಳು. ನಾನು ಮಾತ್ರ ಮಲಗಲಿಲ್ಲ, ಮಿಷನ್ ಎಷ್ಟು ಕರೆಂಟು ಎಳೆಯುತ್ತದೆ ಎಂದು ನೋಡುತ್ತಿದ್ದೆ.

ಆದರೆ ಮನೆ ಬಿಟ್ಟು ಹೊರಗೆ ಮಲಗುವುದು ಅಲ್ಲಿಗೆ ನಿಂತಿತು. ತುಮಕೂರಿನ ಛತ್ರದಲ್ಲಿ ನನ್ನ ಅಣ್ಣನ ಮಗಳ ಮದುವೆ. ಹೆಂಗಸರೆಲ್ಲ ಒಂದೇ ರೂಮಿನಲ್ಲಿ ಮಲಗಿದ್ದರು. ಇವಳು ಮಾಸ್ಕ್ ಹಾಕಿಕೊಂಡಿದ್ದನ್ನು ನೋಡಿ ಮಕ್ಕಳು "ಆನೆ, ಆನೆ" ಎಂದು ನಕ್ಕವು. ದೊಡ್ಡವರೂ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಕ್ಕರಂತೆ. ಸರಿರಾತ್ರಿ ಕರೆಂಟು ಬೇರೆ ಹೋಯಿತು. ಉಸಿರು ಕಟ್ಟಿ ಎದ್ದು ಕೂತವಳು ಬೆಳಗಾಗುವವರೆಗೆ ಗೋಡೆಗೆ ಒರಗಿಯೇ ಇದ್ದಳು. ಆಮೇಲೆ ಎರಡು ವರ್ಷ ಎಲ್ಲೂ ತಂಗಲಿಲ್ಲ. ಅಮೃತೂರಿನಲ್ಲಿ ಅವಳ ಸ್ವಂತ ತಮ್ಮನ ಗೃಹಪ್ರವೇಶಕ್ಕೆ ಹೋಗಿ, ಊಟದ ಎಲೆ ಎತ್ತುತ್ತಲೇ ಹೊರಟು ಬಂದಳು. "ಮೂಗಿಗಿಂತ ಮೂಗುತಿ ಭಾರ ಆಯ್ತು ಕಣ್ರೀ ನನ್ನ ಬಾಳು" ಅಂದಳು ದಾರಿಯಲ್ಲಿ.

ಆ ದಾರಿಯಲ್ಲೇ ಇನ್ನೊಂದು ಮಾತು ಹೇಳಿದಳು. ಅವಳು ಚಿಕ್ಕವಳಾಗಿದ್ದಾಗ ಅವರಪ್ಪನ ಜೊತೆ ಭತ್ತ ಕಾಯಲು ಹೋಗಿ ಮಾರ್ಕೋನಹಳ್ಳಿ ಡ್ಯಾಮಿನ ಹಿನ್ನೀರಿನ ದಡದಲ್ಲಿ ಮಲಗುತ್ತಿದ್ದಳಂತೆ. ಬೆಳಗ್ಗೆ ಕಣ್ಣುಬಿಟ್ಟರೆ ಸೂರ್ಯ ನೀರೊಳಗಿಂದಲೇ ಎದ್ದು ಬಂದ ಹಾಗೆ ಕಾಣುತ್ತಿದ್ದನಂತೆ. "ಅಲ್ಲಿ ಒಂದ್ ರಾತ್ರಿ ಮಲಗಿ ಎದ್ರೆ ಸಾಕಿತ್ತು. ಇನ್ನೆಲ್ಲಿ ಬುಡಿ" ಅಂದಳು.

ನನ್ನ ತಲೆಯೊಳಗೆ ಹುಳ ಬಿಟ್ಟಂತಾಯಿತು. ಎರಡು ಬ್ಯಾಟರಿ, ಒಂದು ಇನ್ವರ್ಟರ್, ಒಂದು ಚಿಕ್ಕ ಪೆಟ್ರೋಲ್ ಜನರೇಟರ್, ಇವಿಷ್ಟು ಇದ್ದರೆ ಲೈನಿನ ಕರೆಂಟಿನ ಹಂಗೇಕೆ? ಪಂಪ್ ಸಾಗಿಸಲು ಇಟ್ಟುಕೊಂಡಿದ್ದ ಎರಡು ಚಕ್ರದ ಟ್ರೇಲರ್ ಒಂದು ಅಂಗಡಿ ಹಿಂದೆ ತುಕ್ಕು ಹಿಡಿಯುತ್ತಿತ್ತು. ಅದನ್ನು ಜೀಪಿಗೆ ಕಟ್ಟಿ ತುಮಕೂರಿಗೆ ಎಳೆದುಕೊಂಡು ಹೋದೆ. ಅಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಸಾಬರೊಬ್ಬರು ನನಗೆ ಹಳೆಯ ಪರಿಚಯ. ಅವರು ಟ್ರೇಲರಿನ ಸುತ್ತ ಎರಡು ಸಲ ಬಂದು, "ಅಣ್ಣಾ, ಇದ್ರಲ್ಲಿ ಕುರಿ ಸಾಗಿಸ್ತೀರೋ, ಕೋಳಿನೋ?" ಅಂದರು. "ಹೆಂಡ್ತೀನ" ಅಂದೆ. ಅವರು ನಗಲಿಲ್ಲ, ವಿಷಯ ಕೇಳಿ ತಿಳಿದುಕೊಂಡರು. ಮೂರು ವಾರದಲ್ಲಿ ತಗಡಿನ ಗೋಡೆ, ಎರಡು ಕಿಟಕಿ, ಮಂಚ, ಮಂಚದ ಕೆಳಗೆ ಮುಚ್ಚಳವಿರುವ ಬ್ಯಾಟರಿ ಪೆಟ್ಟಿಗೆ, ಎಲ್ಲ ಮಾಡಿಕೊಟ್ಟರು. ಮಂಚವನ್ನು ಕಿಟಕಿಗೆ ಸರಿಯಾಗಿ ಕೂರಿಸಿದ್ದು ಅವರದೇ ಬುದ್ಧಿ. ಮಲಗಿದಲ್ಲಿಂದಲೇ ಹೊರಗೆ ಕಾಣಬೇಕಲ್ಲ ಅಂದರು.

ಜನರೇಟರ್ ಹಳೆಯದು, ನಾನೇ ರಿವೈಂಡ್ ಮಾಡಿದ್ದೆ. ಅದರ ಮೇಲೆ ನನಗೆ ವಿಪರೀತ ಹೆಮ್ಮೆ. ಅಷ್ಟು ಹೊತ್ತಿಗೆ ಆಯುಧ ಪೂಜೆ ಬಂತು. ಅಂಗಡಿಯ ಸ್ಪ್ಯಾನರು, ಕಟಿಂಗ್ ಪ್ಲೇಯರು, ಮೀಟರು ಎಲ್ಲವನ್ನೂ ತೊಳೆದು ಜೋಡಿಸಿದೆವು. ಹೊಸ ಟ್ರೇಲರಿಗೆ ಬಾಳೆಕಂದು, ಮಾವಿನ ತೋರಣ, ಚೆಂಡುಹೂವಿನ ಹಾರ. ಬ್ಯಾಟರಿಗಳಿಗೆ ವೈರು ಕಚ್ಚಿಸುವ ಕ್ಲ್ಯಾಂಪ್ ಬಿಚ್ಚಿ, ಅವನ್ನೂ ಒರೆಸಿ ಪೂಜೆ ಮಾಡಿದ್ದಾಯಿತು. ಬೂದುಗುಂಬಳಕಾಯಿ ಒಡೆದೆವು, ಚಕ್ರದಡಿ ನಿಂಬೆಹಣ್ಣು ಇಟ್ಟೆವು. ಸಂಜೆ ಕ್ಲ್ಯಾಂಪ್ ಮತ್ತೆ ಬಿಗಿದು, ಅದೇ ಬ್ಯಾಟರಿಯಿಂದ ಸೀರಿಯಲ್ ಲೈಟು ಹಾಕಿದೆ. ಬೀದಿಯವರೆಲ್ಲ ನಿಂತು ನೋಡಿಕೊಂಡು ಹೋದರು.

ಮೂರು ದಿನ ಬಿಟ್ಟು ಹೊರಟೆವು. ಹೊರಡುವ ಮುಂಚೆ ಇವಳು ಕೇಳಿದಳು: "ಮನೇಲೇ ಬ್ಯಾಟ್ರಿ ಫುಲ್ ಮಾಡ್ಕೊಂಡು ಹೋಗ್ಬಾರ್ದೇನ್ರಿ?"

"ಮನೆ ಕರೆಂಟಲ್ಲಿ ತುಂಬ್ಸೋದಾದ್ರೆ ಜನರೇಟರ್ ಯಾಕೆ ಹೊರ್ಬೇಕು? ಅಲ್ಲೇ ತುಂಬ್ಸೋದು. ಎಷ್ಟು ಹೊತ್ತಿಗೆ ಎಷ್ಟು ತುಂಬುತ್ತೆ ಬರ್ಕೋಬೇಕು ನಾನು" ಎಂದು ನೋಟ್‌ಬುಕ್ ತೋರಿಸಿದೆ.

ಅವಳು ಮಿಷನ್ನಿನ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡು ಜೀಪಿನಲ್ಲಿ ಕೂತಳು. "ನೋಡಿ, ಇದೊಂದ್ಸಲ ಬರ್ತೀನಿ. ಆಗ್ಲಿಲ್ಲ ಅಂದ್ರೆ ಇನ್ಮೇಲೆ ನನ್ನ ಎಲ್ಲಿಗೂ ಕರೀಬೇಡಿ. ಮಗಳ ಬಾಣಂತನಕ್ಕೂ ನಾನ್ ಹೋಗಲ್ಲ, ಅವ್ಳೇ ಇಲ್ಲಿಗೆ ಬರ್ಲಿ" ಅಂದಳು. ನಗುತ್ತ ಹೇಳಲಿಲ್ಲ. ನಮ್ಮ ಮಗಳು ಆಗ ಐದು ತಿಂಗಳ ಬಸುರಿ. ಈ ಒಂದು ರಾತ್ರಿ ಕೆಟ್ಟರೆ ಇವಳು ಇನ್ನು ಮನೆಯ ಹೊಸಿಲು ದಾಟಿ ಮಲಗುವುದಿಲ್ಲ ಎಂದು ನನಗೆ ಖಾತ್ರಿಯಾಯಿತು.

ತುಮಕೂರು ದಾಟಿ ಕುಣಿಗಲ್‌ನಲ್ಲಿ ಕಾಫಿಗೆ ನಿಲ್ಲಿಸಿದೆವು. ಕಾಫಿ ಕುಡಿದು ಬರುವಷ್ಟರಲ್ಲಿ ಟ್ರೇಲರಿನ ಕಿಟಕಿಯ ಮುಂದೆ ಇಬ್ಬರು ನಿಂತಿದ್ದರು. "ಏನಿದೆ ಸ್ವಾಮಿ? ತಟ್ಟೆ ಇಡ್ಲಿನಾ, ಎಗ್ ರೈಸಾ?" ಅಂದರು. ನನಗೆ ಸಿಟ್ಟು ನೆತ್ತಿಗೇರಿತು. ಇವಳೇ ಮುಂದೆ ಹೋಗಿ, "ಇನ್ನೂ ಒಲೆ ಹಚ್ಚಿಲ್ಲ ಕಣಪ್ಪ, ಬರೋ ವಾರ ಬನ್ನಿ" ಅಂದಳು. ಜೀಪು ಹತ್ತಿದ ಮೇಲೆ ಅಮೃತೂರು ಬರುವವರೆಗೂ ಅದನ್ನೇ ನೆನೆದು ನಕ್ಕಳು. ಅವಳು ಹಾಗೆ ನಕ್ಕು ಬಹಳ ದಿನವಾಗಿತ್ತು.

ನನ್ನ ಬಾಮೈದನಿಗೆ ಹಿನ್ನೀರಿನ ಪಶ್ಚಿಮ ದಡದಲ್ಲಿ ಒಂದು ತುಂಡು ಜಮೀನಿದೆ, ನಾಲ್ಕು ಸಾಲು ತೆಂಗು. ಆ ಕಡೆಗೆ ಕರೆಂಟಿನ ಕಂಬವೇ ಬಂದಿಲ್ಲ. ನನಗೆ ಬೇಕಾಗಿದ್ದೂ ಅದೇ. ಅವನು ಬೈಕಿನಲ್ಲಿ ಎಳನೀರು ಕಟ್ಟಿಕೊಂಡು ಬಂದು ಟ್ರೇಲರ್ ನೋಡಿ, "ಬಾವ, ಇದೇನ್ ಟೂರಿಂಗ್ ಟಾಕೀಸ್ ತಂದಿದೀರಲ್ಲ!" ಅಂದ.

"ಸುಮ್ನಿರ್ಲಾ, ನಿಮ್ ಬಾವ ಮೊದ್ಲೇ ಕುಣಿಗಲ್‌ನಲ್ಲಿ ಕೆರ್ಳಿದಾರೆ" ಎಂದು ಅವಳು ತಮ್ಮನ ಬೆನ್ನಿಗೆ ಗುದ್ದಿದಳು.

ನೀರು ತುಂಬಿತ್ತು. ತೆಂಗಿನ ಸಾಲು ಮುಗಿಯುವಲ್ಲಿಗೇ ದಡ. ಟ್ರೇಲರನ್ನು ಕಿಟಕಿ ಪೂರ್ವಕ್ಕೆ ಬರುವಂತೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಜನರೇಟರನ್ನು ಮೂವತ್ತು ಹೆಜ್ಜೆ ದೂರ, ಗಾಳಿ ಹೋಗುವ ದಿಕ್ಕಿಗೆ ಇಟ್ಟೆ. ಒಂದು ವಿಷಯವನ್ನು ಇಬ್ಬರಿಗೂ ಖಡಾಖಂಡಿತವಾಗಿ ಹೇಳಿದೆ. ಮಲಗುವಾಗ ಜನರೇಟರ್ ಓಡಬಾರದು. ಅದರ ಹೊಗೆಯಲ್ಲಿರುವ ವಿಷಕ್ಕೆ ವಾಸನೆಯೇ ಇಲ್ಲ, ಮುಚ್ಚಿದ ಜಾಗದಲ್ಲಿ ಅದನ್ನು ಕುಡಿದು ಮಲಗಿದವರು ಏಳುವುದಿಲ್ಲ. ಇವಳ ಮಿಷನ್ನಂತೂ ಸುತ್ತಲಿನ ಗಾಳಿಯನ್ನೇ ಹೀರಿ ಮೂಗಿಗೆ ಒತ್ತುತ್ತದೆ. ಆದ್ದರಿಂದ ಏನೇ ತುಂಬಿಸುವುದಿದ್ದರೂ ಮಲಗುವುದರೊಳಗೆ ತುಂಬಿಸಿ ಆರಿಸಬೇಕು.

ಮಧ್ಯಾಹ್ನ ಹನ್ನೆರಡಕ್ಕೆ ಹಗ್ಗ ಎಳೆದೆ. ಒಂದೇ ಎಳೆತಕ್ಕೆ ಜನರೇಟರ್ ಹತ್ತಿತು. ಬ್ಯಾಟರಿ ತುಂಬಿಸುವ ಚಾರ್ಜರಿನಲ್ಲಿ ಕೆಂಪು ದೀಪ ಬಂತು. ಕೆಂಪು ಅಂದರೆ ತುಂಬುತ್ತಿದೆ, ಹಸಿರು ಅಂದರೆ ತುಂಬಿತು. ನಾನು ನೆರಳಲ್ಲಿ ಕೂತು ಬಾಮೈದನಿಗೆ ಪಾಠ ಮಾಡಿದೆ. "ಚೀಲಕ್ಕೆ ರಾಗಿ ತುಂಬ್ಸಲ್ವಾ, ಹಂಗೆ. ಮುಕ್ಕಾಲು ಪಾಲು ಸುರ್ರಂತ ಇಳಿಯುತ್ತೆ. ಕೊನೇ ಕಾಲು ಪಾಲು ಇದೆಯಲ್ಲ, ಅದ್ನ ಕುಲುಕಿ ಕುಲುಕಿ ತುಂಬ್ಸಬೇಕು, ಅದಕ್ಕೇ ಹೊತ್ತು ಹಿಡಿಯೋದು. ಸಂಜೆ ಆಗುತ್ತೆ ನೋಡ್ತಿರು" ಅಂದೆ.

ಹತ್ತು ನಿಮಿಷಕ್ಕೆ ಹಸಿರು ದೀಪ ಬಂತು.

"ಬಾವ, ಸಂಜೆ ಆಯ್ತಾ?" ಅಂದ ಬಾಮೈದ.

ನನಗೆ ಆಶ್ಚರ್ಯವಾದರೂ ಬಿಟ್ಟುಕೊಡಲಿಲ್ಲ. ಬ್ಯಾಟರಿ ನಾನಂದುಕೊಂಡಷ್ಟು ಇಳಿದಿರಲಿಲ್ಲ, ಅಲ್ಲದೆ ರಿವೈಂಡಿಂಗ್ ಯಾರದ್ದು ಗೊತ್ತಲ್ಲ ಎಂದು ಹೇಳಿ ಜನರೇಟರ್ ಆರಿಸಿದೆ. ನೋಟ್‌ಬುಕ್ಕಿನಲ್ಲಿ 'ಹತ್ತು ನಿಮಿಷ, ಫುಲ್' ಎಂದು ಬರೆದು ಕೆಳಗೆ ಗೀಟು ಎಳೆದೆ. ಇವಳು ಮನೆಯಿಂದ ತಂದಿದ್ದ ಮುದ್ದೆ, ಸೊಪ್ಪಿನ ಸಾರು ಬಡಿಸಿದಳು. ಊಟ ಮಾಡಿ ತೆಂಗಿನ ಬುಡದಲ್ಲಿ ಒಂದು ಜೊಂಪು ನಿದ್ದೆಯನ್ನೂ ಮಾಡಿದೆ.

ನಾಲ್ಕು ಗಂಟೆಗೆ ರಾತ್ರಿಯ ರಿಹರ್ಸಲ್ ಅಂತ ಮಿಷನ್ ಹಚ್ಚಿ, ಫ್ಯಾನೂ ಹಾಕಿದೆ. ಎರಡು ನಿಮಿಷ ಚೆನ್ನಾಗಿ ನಡೆಯಿತು. ಆಮೇಲೆ ಇನ್ವರ್ಟರ್ ಕುಯ್ಯೋ ಎಂದು ಕೂಗಿಕೊಂಡು ಎಲ್ಲವನ್ನೂ ಆರಿಸಿಬಿಟ್ಟಿತು. ಬ್ಯಾಟರಿ ಖಾಲಿ ಅನ್ನುವ ಕೂಗು ಅದು.

ಇವಳು ಮಂಚದ ಮೇಲೆ ಮಾಸ್ಕ್ ಕೈಯಲ್ಲಿ ಹಿಡಿದು ಕೂತಿದ್ದಳು. ಮಾಸ್ಕನ್ನು ನಿಧಾನವಾಗಿ ಬ್ಯಾಗಿನೊಳಗೆ ಇಟ್ಟು ಜಿಪ್ ಎಳೆದಳು.

ಮತ್ತೆ ಜನರೇಟರ್ ಹಾಕಿದೆ. ಮತ್ತೆ ಕೆಂಪು, ಮತ್ತೆ ಹತ್ತು ನಿಮಿಷಕ್ಕೆ ಹಸಿರು. ಇನ್ವರ್ಟರ್ ಹಚ್ಚಿದರೆ ಮತ್ತೆ ಅದೇ ಕೂಗು. ಫುಲ್ ಅನ್ನುವವನೂ ಇಲ್ಲೇ, ಖಾಲಿ ಅನ್ನುವವನೂ ಇಲ್ಲೇ, ನಡುವೆ ಒಂದೇ ಬ್ಯಾಟರಿ ಜೋಡಿ. ನನಗೆ ಒಂದು ಕಡೆ ಹೆದರಿಕೆ, ಇನ್ನೊಂದು ಕಡೆ ಹೇಳಲಾರದಷ್ಟು ಕುತೂಹಲ. ಹೀಗಾಗಲು ಸಾಧ್ಯವೇ? ಮೊದಲು ಚಾರ್ಜರನ್ನು ಬೈದೆ. ಆಮೇಲೆ ಬ್ಯಾಟರಿ ಮಾರಿದವನನ್ನು ಬೈದೆ. ತುಮಕೂರಿನ ಸಾಬರಿಗೆ ಫೋನ್ ಮಾಡಿ ಅವರು ಎಳೆದ ವೈರನ್ನು ಬೈದೆ. ಅವರು ಸಮಾಧಾನವಾಗಿ ಕೇಳಿ, "ವೈರ್ ನಾನ್ ಎಳ್ದೆ, ಕ್ಲ್ಯಾಂಪ್ ಬಿಗ್ದಿದ್ದು ನೀವಲ್ವಾ ಅಣ್ಣಾ? ಸ್ವಲ್ಪ ನಿಧಾನಕ್ಕೆ ನೋಡಿ" ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಅದು ಯಾರಿಗೆ ಅನ್ವಯಿಸುತ್ತದೆ ಎಂದು ಆಗ ಯೋಚಿಸಲಿಲ್ಲ.

ಹೊತ್ತು ಇಳಿಯುತ್ತಿತ್ತು. ಬಾಮೈದ ತಲೆ ಕೆರೆದುಕೊಂಡು, "ಬಾವ, ಸುಮ್ನೆ ಅಕ್ಕನ್ನ ಕರ್ಕೊಂಡು ಮನೇಗ್ ಬನ್ನಿ. ಕರೆಂಟ್ ಇದ್ದಷ್ಟು ಹೊತ್ತು ಮಲಗ್ಲಿ" ಅಂದ. ಇವಳು ನೀರಿನ ಕಡೆ ನೋಡುತ್ತಿದ್ದಳು. ಆಮೇಲೆ ನನ್ನ ಪಕ್ಕಕ್ಕೆ ಬಂದು ಕುಕ್ಕರಗಾಲಲ್ಲಿ ಕೂತು, ಏನೂ ಅರಿಯದವಳಂತೆ ಒಂದು ಪ್ರಶ್ನೆ ಕೇಳಿದಳು.

"ಈ ಚಾರ್ಜರ್ ಫುಲ್ ಅಂತ ಹೇಳ್ತದಲ್ಲ, ಅದು ಯಾರನ್ನ ನೋಡಿ ಹೇಳ್ತದೆ?"

"ಬ್ಯಾಟ್ರಿ ನೋಡಿ" ಎಂದು ಗದರಿದೆ.

"ಅದು ಬ್ಯಾಟ್ರಿ ಮುಟ್ಟೇ ಇಲ್ವಲ್ರೀ. ಕ್ಲ್ಯಾಂಪ್ ತಾನೇ ಮುಟ್ಟಿರೋದು?"

ಅಷ್ಟು ಹೊತ್ತೂ ನಾನು ಮೀಟರಿನ ವೈರಿನ ತುದಿಯಲ್ಲಿರುವ ಮುಳ್ಳನ್ನು ಕ್ಲ್ಯಾಂಪಿನ ಮೇಲೆ ಇಟ್ಟು ನೋಡುತ್ತಿದ್ದೆ, ಕೈಗೆ ಸುಲಭವಾಗಿ ಸಿಗುತ್ತದೆ ಅಂತ. ಬ್ಯಾಟರಿಯ ನೆತ್ತಿಯಲ್ಲಿ ಎದ್ದು ನಿಂತ ಸೀಸದ ಮೊಳೆಯನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಜನರೇಟರ್ ಓಡುತ್ತಿರುವಾಗಲೇ ಒಂದು ಮುಳ್ಳನ್ನು ಕ್ಲ್ಯಾಂಪಿಗೂ ಇನ್ನೊಂದನ್ನು ಅದೇ ಕ್ಲ್ಯಾಂಪ್ ಅಪ್ಪಿಕೊಂಡಿರುವ ಮೊಳೆಗೂ ಇಟ್ಟೆ. ಎರಡೂ ಒಂದನ್ನೊಂದು ಮುಟ್ಟಿಕೊಂಡಿವೆ, ಅಲ್ಲಿ ಸೊನ್ನೆ ಬರಬೇಕು. ಮೀಟರ್ ಎರಡು ವೋಲ್ಟ್ ತೋರಿಸಿತು. ಮುಟ್ಟಿಕೊಂಡ ಹಾಗೆ ಕಾಣುವ ಎರಡರ ನಡುವೆ ಏನೋ ಕೂತಿದೆ. ಕರೆಂಟು ಒಳಗೆ ಹೋಗಲು ದಾರಿ ಸಾಲದೆ ಕ್ಲ್ಯಾಂಪಿನಲ್ಲೇ ನಿಂತಿದೆ, ಚಾರ್ಜರು ಅದನ್ನು ನೋಡಿ ಹೊಟ್ಟೆ ತುಂಬಿತು ಅಂದುಕೊಂಡಿದೆ. ಹೊರಗೆ ಬರಲೂ ಅದೇ ತೊಡಕು, ಅದಕ್ಕೇ ಇನ್ವರ್ಟರಿನ ಕೂಗು. ಆ ಕ್ಷಣದ ಖುಷಿಯನ್ನು ಹೇಗೆ ಹೇಳಲಿ! ಮೂವತ್ತು ವರ್ಷದಲ್ಲಿ ಇಷ್ಟು ಚೆನ್ನಾದ ಕಳ್ಳನನ್ನು ನಾನು ಹಿಡಿದಿರಲಿಲ್ಲ.

ಜನರೇಟರ್ ಆರಿಸಿ ಕ್ಲ್ಯಾಂಪ್ ಬಿಚ್ಚಿದೆ. ಮೊಳೆಯ ಸುತ್ತ ಬೂದು ಬಣ್ಣದ ಒಣಗಿದ ಪದರ. ಉಗುರಲ್ಲಿ ಕೆರೆದೆ. ಗಂಧ. ಅದರ ಮೇಲೆ ವಿಭೂತಿ, ಅದರ ಮೇಲೆ ಕುಂಕುಮ. ನಾಲ್ಕು ಮೊಳೆಗೂ ಒಂದೇ ರೀತಿ ಬಳಿದು ಅಲಂಕಾರ ಮಾಡಲಾಗಿದೆ. ಆಯುಧ ಪೂಜೆಯ ಸಂಜೆ ಅದರ ಮೇಲೇ ಕ್ಲ್ಯಾಂಪ್ ಕೂತಿದೆ. ಸೀರಿಯಲ್ ಲೈಟಿಗೆ ಬೇಕಾದ ಚೂರು ಕರೆಂಟು ಹೇಗೋ ನುಸುಳಿಕೊಂಡು ಬಂದಿತ್ತು, ಅಷ್ಟೇ.

ಖುಷಿ ಹೋಗಿ ಕೋಪ ಬಂತು. "ಯಾರಾದ್ರೂ ಬ್ಯಾಟ್ರಿ ಮೊಳೆಗೆ ಗಂಧ ಬಳೀತಾರೇನೇ? ಅದೇನ್ ಮದ್ವೆ ಗಂಡಾ? ಮೂವತ್ತು ವರ್ಷ ಅಂಗಡೀಲಿ ಇದ್ದು ಇಷ್ಟೂ ಗೊತ್ತಾಗ್ಲಿಲ್ವಾ ನಿಂಗೆ? ನಿನ್ನ ಪೂಜೆಗೆ ನನ್ನ ಜನರೇಟರ್ ಹೆಸ್ರು ಕೆಡ್ಸಿದ್ಯಲ್ಲೇ!" ಎಂದು ಅವಳ ತಮ್ಮನ ಮುಂದೆಯೇ ಕೂಗಾಡಿದೆ. ಬಾಮೈದ ಎಳನೀರಿನ ಬುರುಡೆಗಳನ್ನು ಆರಿಸಿ ಗುಡ್ಡೆ ಹಾಕುವ ನೆಪದಲ್ಲಿ ಆಚೆಗೆ ಹೋದ.

ಇವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ, "ಆಯ್ತು ಬುಡಿ, ತಪ್ಪಾಯ್ತು. ಹೊತ್ತಾಗ್ತದೆ, ಒರ್ಸಿ" ಅಂದಳು. ತಾನೇ ಒಂದು ಹಳೆ ಬಟ್ಟೆ, ಫ್ಲಾಸ್ಕಿನಿಂದ ಸ್ವಲ್ಪ ಬಿಸಿನೀರು ತಂದುಕೊಟ್ಟಳು. ನಾನು ಮೊಳೆಗಳನ್ನು ಒರೆಸಿ, ಉಪ್ಪುಕಾಗದದಲ್ಲಿ ಸೀಸ ಹೊಳೆಯುವವರೆಗೆ ಉಜ್ಜಿ, ಕ್ಲ್ಯಾಂಪ್ ಬಿಗಿದೆ. ಹಗ್ಗ ಎಳೆದಾಗ ಐದೂಕಾಲು.

ಈ ಸಲ ಜನರೇಟರಿನ ಸದ್ದೇ ಬೇರೆಯಾಯಿತು. ನಿಜವಾದ ಭಾರ ಬಿದ್ದಾಗ ಎಂಜಿನ್ ಒಂದು ಸಲ ಗಂಟಲು ತಗ್ಗಿಸಿ ಆಮೇಲೆ ಸರಿಯಾಗುತ್ತದೆ. ಮಧ್ಯಾಹ್ನ ಆ ತಗ್ಗು ಇರಲಿಲ್ಲ ಎಂದು ನನಗೆ ಈಗ ಹೊಳೆಯಿತು. ಕಿವಿ ಹೇಳಿದ್ದನ್ನು ಬಿಟ್ಟು ಹಸಿರು ದೀಪವನ್ನು ನಂಬಿದ್ದೆ. ಹತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು, ಕೆಂಪು ದೀಪ ಕೆಂಪಾಗಿಯೇ ಇತ್ತು. ನೋಟ್‌ಬುಕ್ಕಿನಲ್ಲಿ ಮಧ್ಯಾಹ್ನದ ಸಾಲನ್ನು ಹೊಡೆದುಹಾಕಿದೆ. ಬಾಮೈದ ಊರಿಗೆ ಹೋಗಿ ಇನ್ನೊಂದು ಕ್ಯಾನು ಪೆಟ್ರೋಲ್ ತಂದಿಟ್ಟು, ಬೆಳಗ್ಗೆ ಹಾಲು ತರುತ್ತೇನೆ ಎಂದು ಹೊರಟ.

ಒಂಬತ್ತಕ್ಕೆ ಆರಿಸಿದೆ. ದೀಪ ಹಸಿರಾಗಿರಲಿಲ್ಲ. ರಾಗಿ ಚೀಲ ಮುಕ್ಕಾಲು ತುಂಬಿತ್ತು, ಅಷ್ಟೇ. ಒಂದು ರಾತ್ರಿಗೆ ಸಾಕಾಗಬೇಕು, ಆದರೆ ಆಣೆ ಮಾಡಿ ಹೇಳಲಾರೆ ಎಂದು ಅವಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಫ್ಯಾನ್ ಬೇಡ ಅಂದಳು. ಕಿಟಕಿ ತೆರೆದು ಮಾಸ್ಕ್ ಹಾಕಿಕೊಂಡು ಮಲಗಿದಳು. ಮಿಷನ್ ಹುಸ್ಸೆಂದು ಶುರುವಾಯಿತು. ನಾನು ಬಾಗಿಲ ಮೆಟ್ಟಿಲ ಮೇಲೆ ಮೀಟರ್ ಹಿಡಿದು ಕೂತೆ. ಅಂಕಿ ಇಳಿಯುತ್ತಿತ್ತು, ಆದರೆ ಇಳಿಯಬೇಕಾದಷ್ಟೇ ಇಳಿಯುತ್ತಿತ್ತು. ಅಷ್ಟು ನಿಧಾನವಾಗಿ ಇಳಿಯುವ ಅಂಕಿಯನ್ನು ನೋಡುವುದರಲ್ಲಿ ಎಂಥ ಸುಖ ಎಂದು ಬೇರೆಯವರಿಗೆ ಹೇಳಿದರೆ ನಗುತ್ತಾರೆ.

ಬೆಳಗ್ಗೆ ಸೂರ್ಯ ಬಂದ. ಅವಳು ಹೇಳಿದ್ದು ಸುಳ್ಳಲ್ಲ. ನೀರಿನ ಆಚೆ ಮೊದಲು ಒಂದು ಕೆಂಪು ಗೆರೆ, ಆಮೇಲೆ ನೀರೊಳಗಿಂದಲೇ ಯಾರೋ ಮೇಲಕ್ಕೆ ನೂಕಿದ ಹಾಗೆ ಆತ. ಎಬ್ಬಿಸೋಣವೆಂದು ಮಂಚದ ಹತ್ತಿರ ಹೋದೆ. ಅವಳ ಮುಖದ ಮೇಲೆ ಬೆಳಕು ಬಿದ್ದಿತ್ತು. ಮಾಸ್ಕಿನ ಕೆಳಗೆ ಬಾಯಿ ಸ್ವಲ್ಪ ತೆರೆದಿತ್ತು, ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಎರಡು ವರ್ಷದ ಮೇಲೆ ಹೊರಗಡೆ ಮಲಗಿದ್ದಳು. ನನ್ನ ಕೈ ಮುಂದಕ್ಕೆ ಹೋಗಲಿಲ್ಲ. ಹಾಗೇ ನಿಂತು ನೋಡಿದೆ, ಸೂರ್ಯನನ್ನಲ್ಲ.

ಎಂಟು ಗಂಟೆಗೆ ಎದ್ದಳು. ಕಿಟಕಿ ನೋಡಿ ಗಾಬರಿಯಾದಳು. "ಅಯ್ಯೋ, ಇಷ್ಟ್ ಮೇಲೆ ಬಂದ್ಬುಟ್ನಾ! ಎಬ್ಬಿಸ್ಬಾರ್ದಿತ್ತೇನ್ರಿ? ಅದ್ನ ನೋಡಕ್ಕೇ ಅಲ್ವಾ ಬಂದಿದ್ದು?"

"ನೀನು ನಿದ್ದೆ ಮಾಡ್ತಿದ್ದೆ ಕಣೇ" ಅಂದೆ. ಮನಸ್ಸು ತುಂಬಿ ಬಂದಿತ್ತು. ದೊಡ್ಡ ಮನಸ್ಸು ಮಾಡಿ ಒಂದು ಮಾತು ಸೇರಿಸಿದೆ: "ನಿನ್ನೆ ಬೈದಿದ್ದು ಮನಸ್ಸಲ್ಲಿ ಇಟ್ಕೋಬೇಡ. ಬರೋ ವರ್ಷ ಪೂಜೇಲಿ ಗಂಧಾನ ಪೆಟ್ಟಿಗೆ ಮುಚ್ಚಳದ ಮೇಲೆ ಹಚ್ಚು, ಸಾಕು."

ಅವಳು ಮಾಸ್ಕಿನ ಪಟ್ಟಿ ಮಡಚುತ್ತ, "ನಾನು ಮುಚ್ಚಳದ ಮೇಲೇ ಹಚ್ಚಿದ್ದು" ಅಂದಳು.

"ಮತ್ತೆ ಮೊಳೆಗೆ?"

"'ದುಡಿಯೋನು ಒಳಗವ್ನೆ, ಮುಚ್ಚಳಕ್ಕೆ ಪೂಜೆ ಮಾಡಿದ್ರೆ ಏನ್ ಬಂತೇ' ಅಂತ ನನ್ನ ಕೈಯಿಂದ ತಟ್ಟೆ ಕಿತ್ಕೊಂಡಿದ್ದು ಯಾರು? ಮೂರು ಬೆರಳಲ್ಲಿ ವಿಭೂತಿ ಎಳ್ದಿದ್ದು ಯಾರು?"

ನೆನಪಾಯಿತು. ಎಲ್ಲವೂ ನೆನಪಾಯಿತು. ಅಂದು ಸ್ನಾನ ಮಾಡಿ ಹೊಸ ಪಂಚೆ ಉಟ್ಟು ಎಷ್ಟು ಗತ್ತಿನಲ್ಲಿ ನಾಲ್ಕೂ ಮೊಳೆಗೆ ಗಂಧ ಬಳಿದಿದ್ದೆ! ಆ ಬೆರಳುಗಳನ್ನೇ ಒಂದು ಸಲ ನೋಡಿಕೊಂಡೆ.

"ನಿನ್ನೆ ಯಾಕ್ ಬಾಯಿ ಬಿಡ್ಲಿಲ್ಲ? ನಿನ್ ತಮ್ಮನ ಮುಂದೆ ಅಷ್ಟ್ ಬೈದೆ."

"ಹೇಳಿದ್ರೆ ನಿಮಗೆ ಅವಮಾನ ಆಗೋದು. ಅವಮಾನ ಆದ್ರೆ ಕೋಪ ಬರೋದು. ಕೋಪ ಬಂದ್ರೆ ಜೀಪ್ ತಿರುಗ್ಸಿ ಊರಿಗೆ ಹೊರಡೋರು" ಅಂದಳು. ಆಮೇಲೆ ನನ್ನ ಕಡೆ ತಿರುಗಿ, ಸಣ್ಣ ದನಿಯಲ್ಲಿ ಹೇಳಿದಳು: "ನಂಗೆ ಇಲ್ಲಿ ಮಲಗ್ಬೇಕಿತ್ತು ಕಣ್ರೀ."

ಅವಳೇ ಎದ್ದು, ಕೂದಲು ಗಂಟು ಹಾಕಿಕೊಂಡು, ಬಾಗಿಲಲ್ಲಿ ನಿಂತು ನೀರು ನೋಡಿದಳು. "ಸೂರ್ಯ ನಾಳೆನೂ ಹುಟ್ತಾನೆ. ಇವತ್ತೂ ಇದ್ದು ನೋಡ್ಕೊಂಡೇ ಹೋಗೋಣ. ಎದ್ದು ಜನರೇಟರ್ ಹಾಕಿ. ಹಸ್ರು ದೀಪ ನೋಡಿ ಕುಣೀಬೇಡಿ ಮತ್ತೆ" ಅಂದಳು.

ಹೋಗಿ ಹಗ್ಗ ಎಳೆದೆ. ಹತ್ತಲಿಲ್ಲ. ಮತ್ತೆ ಎಳೆದೆ. ಊಹೂಂ. ಅಷ್ಟರಲ್ಲಿ ಬಾಮೈದ ಹಾಲಿನ ಕ್ಯಾನು ಹಿಡಿದು ಬೈಕಿನಿಂದ ಇಳಿದ. ನನ್ನ ಮುಖ ನೋಡಿ, ಎರಡು ಹೆಜ್ಜೆ ದೂರದಲ್ಲೇ ನಿಂತು, "ಏನಾಯ್ತು ಬಾವ? ಇವತ್ತು ಯಾರ್ ಏನ್ ಮಾಡಿದ್ರು?" ಅಂದ.

ಬಗ್ಗಿ ನೋಡಿದೆ. ರಾತ್ರಿ ಆರಿಸುವಾಗ ಪೆಟ್ರೋಲಿನ ಕಾಕ್ ಮುಚ್ಚಿದ್ದೆ, ತೆಗೆದಿರಲಿಲ್ಲ. ಟ್ರೇಲರಿನ ಬಾಗಿಲಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದೆ: "ಕಾಕ್ ಮುಚ್ಚಿದ್ದು ನಾನೇ. ಗಂಧ ಬಳಿದಿದ್ದೂ ನಾನೇ ಕಣಯ್ಯ, ನಿಮ್ಮಕ್ಕ ಅಲ್ಲ."